ಆರ್ದ್ರಂ ಮಿಷನ್: ಕಾಸರಗೋಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಬದಲಾದದ್ದು, ಬಾಕಿ ಉಳಿದದ್ದು

ಸರ್ಕಾರಿ ಆಸ್ಪತ್ರೆಗಳನ್ನು ರೋಗಿಗಳಿಗೆ ಅನುಕೂಲವಾಗುವ ಹಾಗೆ ಬದಲಾಯಿಸಲು ಕೇರಳ ಸರ್ಕಾರ 2017ರ ಫೆಬ್ರವರಿಯಲ್ಲಿ ಶುರು ಮಾಡಿದ ಯೋಜನೆ ಆರ್ದ್ರಂ ಮಿಷನ್. ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಕುಟುಂಬ ಆರೋಗ್ಯ ಕೇಂದ್ರಗಳನ್ನಾಗಿ ಮಾಡುವುದು ಇದರ ಮುಖ್ಯ ಕೆಲಸ. ಮೊದಲ ಹಂತಕ್ಕೆ ರಾಜ್ಯದಲ್ಲಿ 170 ಕೇಂದ್ರಗಳನ್ನು ಆರಿಸಲಾಯಿತು.

ಹೆಸರು ಬದಲಾದರೆ ರೋಗಿಗೆ ಏನು ಲಾಭ ಅಂತ ಕೇಳಬಹುದು. ದೊಡ್ಡ ಲಾಭ ಸಮಯದ್ದು. ಮೊದಲು ಊರಿನ ಆರೋಗ್ಯ ಕೇಂದ್ರದಲ್ಲಿ ಒಪಿ ಮಧ್ಯಾಹ್ನಕ್ಕೇ ಮುಗಿಯುತ್ತಿತ್ತು. ಕೂಲಿಗೆ ಹೋಗುವವರು ಅಲ್ಲಿ ಡಾಕ್ಟ್ರನ್ನು ಕಾಣಬೇಕಾದರೆ ಒಂದು ದಿನದ ಸಂಬಳ ಬಿಡಬೇಕು. ಹಾಗಾಗಿ ಮದ್ದು ಪುಕ್ಕಟೆ ಅಂತಿದ್ದರೂ ಲೆಕ್ಕ ಹಾಕಿ ನೋಡಿದರೆ ಅದು ಪುಕ್ಕಟೆ ಅಲ್ಲ. ಕುಟುಂಬ ಆರೋಗ್ಯ ಕೇಂದ್ರಗಳಲ್ಲಿ ಒಪಿಯನ್ನು ಸಂಜೆ 6ರವರೆಗೆ ನಡೆಸುವ ವ್ಯವಸ್ಥೆ ಬಂತು. ಅದಕ್ಕಾಗಿ ಕನಿಷ್ಠ 3 ಡಾಕ್ಟರ್, 4 ಸ್ಟಾಫ್ ನರ್ಸ್, ಲ್ಯಾಬ್ ಟೆಕ್ನಿಷಿಯನ್ ಬೇಕು ಎಂದು ನಿಗದಿಯಾಯಿತು. ಡಾಕ್ಟ್ರ ಕೋಣೆಗೆ ಹೋಗುವ ಮೊದಲೇ ನರ್ಸ್ ಬಿಪಿ, ತೂಕ ನೋಡಿ ವಿಚಾರಿಸುತ್ತಾರೆ. ದಮ್ಮು ಇರುವವರಿಗೆ ಶ್ವಾಸ್ ಕ್ಲಿನಿಕ್, ಖಿನ್ನತೆಗೆ ಆಶ್ವಾಸಂ ಕ್ಲಿನಿಕ್.

ಇದು ಸರಿಯಾಗಿ ನಡೆದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ಜಿಲ್ಲೆಯ ತೆಂಕು ಭಾಗದ ಕಯ್ಯೂರು. ಕೇಂದ್ರ ಸರ್ಕಾರದ ರಾಷ್ಟ್ರೀಯ ಗುಣಮಟ್ಟ ಪರಿಶೀಲನೆಯಲ್ಲಿ (ಎನ್‌ಕ್ಯೂಎಎಸ್) ಅಲ್ಲಿನ ಕುಟುಂಬ ಆರೋಗ್ಯ ಕೇಂದ್ರ ಶೇ. 99 ಅಂಕ ತೆಗೆದು ದೇಶಕ್ಕೇ ಮೊದಲನೆಯದಾಯಿತು. ಪರಿಶೀಲಕರು ಕಟ್ಟಡ ಮಾತ್ರ ನೋಡುವುದಿಲ್ಲ. ಸೋಂಕು ತಡೆ, ಚಿಕಿತ್ಸೆಯ ದಾಖಲೆ, ರೋಗಿಯ ಹಕ್ಕು ಎಲ್ಲವನ್ನೂ ನೋಡಿ, ರೋಗಿಗಳ ಹತ್ತಿರವೂ ಮಾತಾಡಿ ಅಂಕ ಕೊಡುತ್ತಾರೆ.

ಸಣ್ಣ ಕೇಂದ್ರಗಳಿಗೆ ಜನ ಮತ್ತು ಸಮಯ ಸಿಕ್ಕಿತು. ದೊಡ್ಡ ಚಿಕಿತ್ಸೆಯ ವಿಷಯದಲ್ಲಿ ಆದದ್ದು ಉಲ್ಟಾ: ಕಟ್ಟಡ ಮೊದಲು, ಡಾಕ್ಟ್ರು ಆಮೇಲೆ. ಉಕ್ಕಿನಡ್ಕದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜಿಗೆ 2013ರ ನವೆಂಬರ್‌ನಲ್ಲಿ ಕಲ್ಲು ಹಾಕಲಾಯಿತು. 2020ರ ಮಾರ್ಚ್‌ನಲ್ಲಿ ಕರ್ನಾಟಕ ತಲಪಾಡಿ ಗಡಿ ಮುಚ್ಚಿ, ಒಳರಸ್ತೆಗಳಿಗೂ ಮಣ್ಣು ಸುರಿದಾಗ ಹಾರ್ಟ್, ಕಿಡ್ನಿ ತೊಂದರೆಗೆ ಮಂಗಳೂರನ್ನೇ ನಂಬಿದವರು ದಾರಿಯಲ್ಲೇ ಉಳಿದರು. ಆಂಬ್ಯುಲೆನ್ಸ್ ವಾಪಸ್ ಬಂದು ಜೀವ ಕಳೆದುಕೊಂಡವರೂ ಇದ್ದಾರೆ. ವಿಷಯ ಹೈಕೋರ್ಟ್, ಸುಪ್ರೀಂ ಕೋರ್ಟ್ ತನಕ ಹೋಯಿತು. ಮೆಡಿಕಲ್ ಕಾಲೇಜಿನ ಕಟ್ಟಡ ಅದೇ ಏಪ್ರಿಲ್‌ನಲ್ಲಿ ಅವಸರವಾಗಿ ಕೋವಿಡ್ ಆಸ್ಪತ್ರೆಯಾಯಿತು. ಡಾಕ್ಟ್ರು, ನರ್ಸುಗಳು ಬಂದದ್ದು ತಿರುವನಂತಪುರದಿಂದ. ಸೆಪ್ಟೆಂಬರ್‌ನಲ್ಲಿ ಟಾಟಾ ಸಂಸ್ಥೆ ಚಟ್ಟಂಚಾಲ್ ಹತ್ತಿರ ತೆಕ್ಕಿಲ್‌ನಲ್ಲಿ ಕಂಟೈನರ್‌ಗಳಿಂದ 500ಕ್ಕೂ ಹೆಚ್ಚು ಹಾಸಿಗೆಯ ಆಸ್ಪತ್ರೆ ಕಟ್ಟಿಸಿ ಕೊಟ್ಟಿತು. ಕೋವಿಡ್ ಇಳಿದ ಬಳಿಕ ಅಲ್ಲಿದ್ದ ಸಿಬ್ಬಂದಿಯನ್ನು ಬೇರೆ ಕಡೆ ಕಳಿಸಲಾಯಿತು. ಉಕ್ಕಿನಡ್ಕದಲ್ಲಿ ಎಂಬಿಬಿಎಸ್‌ಗೆ 50 ಸೀಟು ಮಂಜೂರಾದದ್ದು 2025ರಲ್ಲಿ, ಕಲ್ಲು ಹಾಕಿ ಹನ್ನೆರಡನೇ ವರ್ಷಕ್ಕೆ. ಜಿಲ್ಲೆಯ ಎಂಡೋಸಲ್ಫಾನ್ ಸಂತ್ರಸ್ತರು ವರ್ಷಗಟ್ಟಲೆ ಕೇಳುತ್ತಾ ಬಂದದ್ದೂ ಇದನ್ನೇ: ನರರೋಗ ತಜ್ಞರು ಇಲ್ಲೇ ಸಿಗಲಿ ಅಂತ.

ಬಡಗು ಭಾಗದ ಇನ್ನೊಂದು ವಿಷಯ ಭಾಷೆಯದ್ದು. ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ಬ್ಯಾರಿಗಳು ಡಾಕ್ಟ್ರು ಮಾತಾಡುವ ಮಲಯಾಳಂ ಹೇಗೋ ಅರ್ಥ ಮಾಡ್ಕೊಳ್ತಾರೆ. ಶಾಲೆಯಲ್ಲಿ ಕಲಿತದ್ದು ಕನ್ನಡವಾದರೆ ಬೋರ್ಡ್, ಒಪ್ಪಿಗೆ ಪತ್ರ, ಮದ್ದಿನ ಸೂಚನೆ ಓದಲಿಕ್ಕೆ ಆಗುವುದಿಲ್ಲ. ತುಳು, ಮರಾಠಿ ಮನೆಯವರಿಗಂತೂ ಕೇಳಿದರೂ ಕಷ್ಟ. ಓದಲಾಗದ ಒಪ್ಪಿಗೆ ಪತ್ರಕ್ಕೆ ಸೈನ್ ಹಾಕಿಸುವುದು ಯಾವ ಗುಣಮಟ್ಟ? ಜನರಿಗೆ ಅರ್ಥವಾಗುವ ಭಾಷೆಯಲ್ಲಿ ಮಾಹಿತಿ ಕೊಡಬೇಕೆಂಬುದು ಕಯ್ಯೂರಿಗೆ ಅಂಕ ಕೊಟ್ಟ ಅದೇ ಪರಿಶೀಲನೆಯ ಒಂದು ಭಾಗ. ಸರ್ಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲೇ ಪತ್ರ ವ್ಯವಹಾರ ಮಾಡುವ ಹಕ್ಕನ್ನು ಕೇರಳದ ಅಧಿಕೃತ ಭಾಷಾ ಕಾಯ್ದೆ ಕನ್ನಡಿಗರಿಗೆ ಕೊಟ್ಟಿದೆ.

ಕೇರಳದಲ್ಲಿ ಕುಟುಂಬ ಆರೋಗ್ಯ ಕೇಂದ್ರಗಳ ಉಸ್ತುವಾರಿ ಗ್ರಾಮ ಪಂಚಾಯತ್‌ನದ್ದು, ಕಾಞಂಗಾಡಿನ ಜಿಲ್ಲಾ ಆಸ್ಪತ್ರೆಯದ್ದು ಜಿಲ್ಲಾ ಪಂಚಾಯತ್‌ನದ್ದು. ಆಸ್ಪತ್ರೆ ನಿರ್ವಹಣಾ ಸಮಿತಿಯಲ್ಲಿ ಜನಪ್ರತಿನಿಧಿಗಳು ಇರುತ್ತಾರೆ. ಸಂಜೆಯ ಒಪಿ ನಿಂತಿದ್ದರೆ, ಕನ್ನಡ ಬೋರ್ಡ್ ಇಲ್ಲದಿದ್ದರೆ, ಮೊದಲು ಕೇಳಬೇಕಾದದ್ದು ವಾರ್ಡ್ ಮೆಂಬರ್ ಹತ್ತಿರ, ಇಲ್ಲವೇ ಗ್ರಾಮಸಭೆಯಲ್ಲಿ. ಅರ್ಜಿ ಕನ್ನಡದಲ್ಲೇ ಬರೆದು ಕೊಡಬಹುದು.