ಶಿಕ್ಷಕರ ಅರ್ಹತೆ: ಪ್ರಮಾಣಪತ್ರದಿಂದ ಪರೀಕ್ಷೆಯವರೆಗೆ

ನಮ್ಮ ಶಾಲೆ ಆರಂಭವಾದಾಗ ಈ ಪ್ರದೇಶವು ಮದ್ರಾಸ್ ಪ್ರಾಂತ್ಯದ ಸೇಲಂ ಜಿಲ್ಲೆಗೆ ಸೇರಿತ್ತು. 1965ರಲ್ಲಿ ಧರ್ಮಪುರಿ ಪ್ರತ್ಯೇಕ ಜಿಲ್ಲೆಯಾಯಿತು. ಗಡಿಗಳು ಬದಲಾದರೂ ಕನ್ನಡ ಬಲ್ಲ ಅರ್ಹ ಶಿಕ್ಷಕರ ಅಗತ್ಯ ಬದಲಾಗಲಿಲ್ಲ.

ಬಹುಕಾಲ ತರಬೇತಿಯ ಪ್ರಮಾಣಪತ್ರವೇ ಅರ್ಹತೆಯ ಆಧಾರವಾಗಿತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆಯ ತರುವಾಯ, 2010ರ ಆಗಸ್ಟ್ 23ರಂದು ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು 1ರಿಂದ 8ನೆಯ ತರಗತಿಯವರೆಗೆ ಬೋಧಿಸುವವರಿಗೆ ಅರ್ಹತಾ ಪರೀಕ್ಷೆಯನ್ನು ವಿಧಿಸಿತು. ತಮಿಳುನಾಡಿನಲ್ಲಿ ಮೊದಲ ಪರೀಕ್ಷೆ 2012ರ ಜುಲೈನಲ್ಲಿ ನಡೆಯಿತು. ಒಂದೂವರೆ ಗಂಟೆಯಲ್ಲಿ 150 ಪ್ರಶ್ನೆಗಳು. ತೇರ್ಗಡೆಯಾದವರು ನೂರಕ್ಕೆ ಒಬ್ಬರೂ ಇರಲಿಲ್ಲ. ಅದೇ ವರ್ಷದ ಅಕ್ಟೋಬರಿನ ಮರುಪರೀಕ್ಷೆಗೆ ಮೂರು ಗಂಟೆ ನೀಡಲಾಯಿತು.

ಪ್ರಾಥಮಿಕ ತರಗತಿಗಳ ಪತ್ರಿಕೆಯಲ್ಲಿ ಶಿಶುವಿಕಾಸ, ಪ್ರಥಮ ಭಾಷೆ, ಇಂಗ್ಲಿಷ್, ಗಣಿತ, ಪರಿಸರ ಅಧ್ಯಯನಗಳಿಗೆ ತಲಾ 30 ಅಂಕಗಳು. ಪ್ರಥಮ ಭಾಷೆಯಾಗಿ ಕನ್ನಡವನ್ನು ಆರಿಸಿಕೊಳ್ಳಬಹುದು. ಇದು ಸಮಾಧಾನದ ಸಂಗತಿ. ಆದರೆ ಗಣಿತದ ಪ್ರಶ್ನೆಗಳು ತಮಿಳು ಮತ್ತು ಇಂಗ್ಲಿಷಿನಲ್ಲಿರುತ್ತವೆ. ಭಿನ್ನರಾಶಿಯನ್ನು ಕನ್ನಡದಲ್ಲಿ ಕಲಿತು ಕನ್ನಡದಲ್ಲಿಯೇ ಬೋಧಿಸಬೇಕಾದವರು ಅದನ್ನು ಅನ್ಯಭಾಷೆಯಲ್ಲಿ ಓದಿ ಉತ್ತರಿಸಬೇಕು. ಆಗ ಅಳೆಯಲ್ಪಡುವುದು ವಿಷಯಜ್ಞಾನವೊಂದೇ ಅಲ್ಲ.

2025ರ ಸೆಪ್ಟೆಂಬರ್ 1ರಂದು ಸರ್ವೋಚ್ಚ ನ್ಯಾಯಾಲಯವು, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಅವಧಿಯುಳ್ಳ ಸೇವಾನಿರತ ಶಿಕ್ಷಕರೂ ಎರಡು ವರ್ಷಗಳೊಳಗೆ ತೇರ್ಗಡೆಯಾಗಬೇಕೆಂದು ತೀರ್ಪಿತ್ತಿತು. ಅಲ್ಪಸಂಖ್ಯಾತ ಸಂಸ್ಥೆಗಳ ಪ್ರಶ್ನೆಯನ್ನು ವಿಸ್ತೃತ ಪೀಠದ ಪರಿಶೀಲನೆಗೆ ಒಪ್ಪಿಸಿತು.

ಶಿಕ್ಷಕರು ವಿಷಯವನ್ನು ಬಲ್ಲವರಾಗಿರಬೇಕೆಂಬುದು ನ್ಯಾಯವಾದ ಅಪೇಕ್ಷೆ. ಬೋಧಿಸುವ ಭಾಷೆಯಲ್ಲಿಯೇ ಆ ಜ್ಞಾನವನ್ನು ಪರೀಕ್ಷಿಸಬೇಕೆಂಬುದೂ ಅಷ್ಟೇ ನ್ಯಾಯವಾದುದು. ನಮ್ಮ ಹಳೆಯ ವಿದ್ಯಾರ್ಥಿಗಳ ಮಕ್ಕಳು ಈ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಕನ್ನಡ ತರಗತಿಗಳಿಗೆ ಮರಳಿದರೆ ಮಾತ್ರ ಈ ಶಾಲೆಗೆ ಎರಡನೆಯ ಶತಮಾನವುಂಟು.