ಉಮ್ರಾವ್ ಜಾನಳ ಕಥನವೂ ಬೆಳ್ಳಿತೆರೆಯೂ

1899ರಲ್ಲಿ ಲಖನೌ ನಗರದಲ್ಲಿ ‘ಉಮ್ರಾವ್ ಜಾನ್ ಅದಾ’ ಎಂಬ ಉರ್ದು ಗ್ರಂಥವು ಅಚ್ಚಾಯಿತು. ವಯಸ್ಸು ಸಂದ ಗಣಿಕೆಯೊಬ್ಬಳು ತನ್ನ ಬಾಳಿನ ವೃತ್ತಾಂತವನ್ನು ತಾನೇ ನಿರೂಪಿಸುವ ರೀತಿಯಲ್ಲಿ ಅದು ರಚಿತವಾಗಿದೆ. ಗ್ರಂಥಕರ್ತರು ಮಿರ್ಜಾ ಮುಹಮ್ಮದ್ ಹಾದಿ ರುಸ್ವಾ. ಇವರು ಮುಂದೆ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ಭಾಷಾಂತರ ಶಾಖೆಯಲ್ಲಿ ದುಡಿದು, 1931ರಲ್ಲಿ ಆ ನಗರದಲ್ಲಿಯೇ ಕಾಲವಾದರು. ಕಥನವು ಎಷ್ಟು ಸಹಜವಾಗಿದೆಯೆಂದರೆ, ಅದನ್ನು ನಿಜವಾದ ಆತ್ಮಚರಿತ್ರೆಯೆಂದೇ ಬಗೆದವರು ಅನೇಕರು. ಅಂಥ ಸ್ತ್ರೀಯೊಬ್ಬಳು ಬದುಕಿದ್ದಳೆಂಬುದಕ್ಕೆ ನಿರ್ವಿವಾದವಾದ ದಾಖಲೆ ಇಲ್ಲ. ಆದರೂ ಇತಿಹಾಸದ ವಿದ್ಯಾರ್ಥಿಗಳಾದ ನಾವು ಅದರಿಂದ ಕಲಿಯತಕ್ಕದ್ದು ಬಹಳವಿದೆ.

ಕಥಾನಾಯಿಕೆಯು ಫೈಜಾಬಾದಿನಲ್ಲಿ ಬಹೂ ಬೇಗಮಳ ಗೋರಿಯ ಕಾವಲುಗಾರನ ಮಗಳು. ತಂದೆಯು ತನ್ನ ವಿರುದ್ಧ ಸಾಕ್ಷಿ ನುಡಿದನೆಂಬ ಹಗೆಯಿಂದ ದುಷ್ಟನೊಬ್ಬನು ಆ ಮಗುವನ್ನು ಕದ್ದೊಯ್ದು ಲಖನೌದ ಗಣಿಕಾಗೃಹಕ್ಕೆ ಮಾರುತ್ತಾನೆ. ಮಾರಾಟವಾದ ಆ ಹೆಣ್ಣು ಸಂಗೀತ, ನೃತ್ಯಗಳೊಡನೆ ಓದುಬರಹವನ್ನೂ ಕಲಿತು, ‘ಅದಾ’ ಎಂಬ ಅಂಕಿತದಿಂದ ಕವಿತೆ ಕಟ್ಟುತ್ತಾಳೆ. 1857ರ ಸಂಗ್ರಾಮದಲ್ಲಿ ನಗರವು ಹಾಳಾದ ಮೇಲೆ ಹುಟ್ಟೂರಿಗೆ ಹೋದರೆ, ಒಡಹುಟ್ಟಿದವನೇ ತಿರಸ್ಕರಿಸುತ್ತಾನೆ.

ಈ ಕಥೆಯು ಹಲವು ಬಾರಿ ಬೆಳ್ಳಿತೆರೆಗೆ ಬಂದಿತು. 1958ರಲ್ಲಿ ‘ಮೆಹಂದಿ’, 1972ರಲ್ಲಿ ಪಾಕಿಸ್ತಾನದ ಚಿತ್ರ, 1981ರಲ್ಲಿ ಮುಜಫ್ಫರ್ ಅಲಿಯವರ ‘ಉಮ್ರಾವ್ ಜಾನ್’, 2006ರಲ್ಲಿ ಜೆ. ಪಿ. ದತ್ತಾ ಅವರದು. ಇವುಗಳಲ್ಲಿ 1981ರ ಚಿತ್ರವೇ ಹೆಚ್ಚು ಕೀರ್ತಿ ಪಡೆಯಿತು. ನಟಿ ರೇಖಾ, ಗಾಯಕಿ ಆಶಾ ಭೋಸ್ಲೆ, ಸಂಗೀತ ನಿರ್ದೇಶಕ ಖಯ್ಯಾಂ ಇವರಿಗೆ ರಾಷ್ಟ್ರಪ್ರಶಸ್ತಿಗಳು ಸಂದವು. ಆ ಚಿತ್ರವು ಮುಗಿಯುವಾಗ ಮನೆಯಿಂದ ತಿರಸ್ಕೃತಳಾದ ನಾಯಿಕೆ ಹಾಳುಬಿದ್ದ ಗಣಿಕಾಗೃಹದಲ್ಲಿ ಕನ್ನಡಿಯ ಧೂಳನ್ನು ಒರೆಸುತ್ತಾಳೆ. ಗ್ರಂಥವಾದರೋ ಅಲ್ಲಿ ನಿಲ್ಲುವುದಿಲ್ಲ. ಅದರ ಉಮ್ರಾವ್ ಬಾಳನ್ನು ಮುಂದುವರಿಸುತ್ತಾಳೆ. ಇಳಿವಯಸ್ಸಿನಲ್ಲಿ ಕಾವ್ಯದ ಒಡನಾಟದಲ್ಲಿದ್ದು, ತನ್ನ ಹಿಂದಿನ ಬಾಳನ್ನು ತಾನೇ ತೂಗಿ ನೋಡುತ್ತಾಳೆ.

ಇವೆರಡರ ಪಕ್ಕದಲ್ಲಿ ಇಡಬೇಕಾದ ಮೂರನೆಯ ಆಧಾರವೊಂದುಂಟು. 1858ರಿಂದ 1877ರವರೆಗಿನ ಲಖನೌದ ತೆರಿಗೆಯ ಲೆಕ್ಕಪುಸ್ತಕಗಳನ್ನು ಚರಿತ್ರಕಾರ್ತಿ ವೀಣಾ ತಲವಾರ್ ಓಲ್ಡನ್‌ಬರ್ಗ್ ಪರಿಶೀಲಿಸಿದರು. ಅತ್ಯಧಿಕ ತೆರಿಗೆ ತೆರುವವರ ವರ್ಗದಲ್ಲಿ ಹಾಡುವ, ಕುಣಿಯುವ ಸ್ತ್ರೀಯರ ಹೆಸರುಗಳಿದ್ದವು. ಮನೆ, ತೋಟಗಳೂ ಅವರ ಹೆಸರಿನಲ್ಲಿದ್ದವು. ಬ್ರಿಟಿಷ್ ಸರ್ಕಾರವು ಒಂದು ಕೈಯಿಂದ ಅವರಿಂದ ತೆರಿಗೆ ಎತ್ತಿತು. ಇನ್ನೊಂದು ಕೈಯಿಂದ, 1864ರ ದಂಡುಪ್ರದೇಶದ ಕಾನೂನಿನ ಕಾಲದಿಂದ, ಸೈನಿಕರ ಆರೋಗ್ಯದ ನೆಪದಲ್ಲಿ ಗಣಿಕೆಯರನ್ನು ಪಟ್ಟಿಮಾಡಿಸಿ ವೈದ್ಯಪರೀಕ್ಷೆಗೆ ಗುರಿಪಡಿಸಿತು.

ಕಥೆಯು ಮನಸ್ಸನ್ನು ತೋರಿಸುತ್ತದೆ, ಚಿತ್ರವು ಕಣ್ಣೀರನ್ನು, ಲೆಕ್ಕಪುಸ್ತಕವು ಗಳಿಕೆಯನ್ನು. ಒಂದನ್ನೇ ನೆಚ್ಚಿದರೆ, ಮರುಕಕ್ಕೋ ತಿರಸ್ಕಾರಕ್ಕೋ ಮಾತ್ರ ತಕ್ಕವಳೊಬ್ಬಳು ನಮಗೆ ಕಾಣುತ್ತಾಳೆ. ಮೂರನ್ನೂ ಕೂಡಿಸಿ ಓದಿದಾಗ ಮಾರಾಟವಾದ ಮಗು, ಓದು ಕಲಿತ ಹೆಣ್ಣು, ತೆರಿಗೆ ತೆತ್ತ ನಾಗರಿಕಳು ಒಬ್ಬಳೇ ಎಂಬುದು ತಿಳಿಯುತ್ತದೆ. ಆಕೆಯನ್ನು ಮಾರಿದವರ, ಕೊಂಡವರ, ಮನೆಯಿಂದ ಹೊರಗಿಟ್ಟವರ ಹೊಣೆಯೂ ಆಗಲೇ ಕಾಣುತ್ತದೆ. ತರಗತಿಯಲ್ಲಿ ಇತಿಹಾಸವನ್ನು ಹೇಳುವ ನಾವು ಈ ಹೊಣೆಯನ್ನು ಮರೆಯಿಸಿ ಪಾಠ ಮಾಡಲಾಗದು.