ಬೀಗ ಒಡೆದ ಮೇಲೂ ಉಳಿಯುವ ಲೆಕ್ಕ

ಗಲ್ಲಾಪೆಟ್ಟಿಗೆ ಕಳುವಾದರೆ ಒಂದು ದಿನದ ವ್ಯಾಪಾರ ಹೋಗುತ್ತದೆ. ಲೆಕ್ಕಪುಸ್ತಕ ಕಳೆದರೆ ಬರಬೇಕಾದ ಬಾಕಿಯೆಲ್ಲ ಹೋಗುತ್ತದೆ. ಹೀಗಾಗಿ ವರ್ತಕರು ಹಣದಷ್ಟೇ ಎಚ್ಚರದಿಂದ ಲೆಕ್ಕವನ್ನೂ ಕಾಯ್ದುಕೊಂಡು ಬಂದರು. ಕನ್ನಡ ನಾಡಿನಲ್ಲಿ ಹಿಂದೆ ಲೆಕ್ಕಪತ್ರಗಳಿಗೆ ಕಡತ ಬಳಕೆಯಲ್ಲಿತ್ತು. ಬಟ್ಟೆಗೆ ಇದ್ದಿಲ ಪುಡಿ ಮತ್ತು ಹುಣಸೆ ಬೀಜದ ಅಂಟು ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಶೃಂಗೇರಿ ಮಠದಲ್ಲಿ ಇಂಥ ಕಡತಗಳು ಇಂದಿಗೂ ಉಳಿದಿವೆ. ಸರ್ಕಾರಿ ಕಚೇರಿಯ ಫೈಲಿಗೆ ಕನ್ನಡದಲ್ಲಿ ಕಡತ ಎಂಬ ಹೆಸರು ಬಂದದ್ದೂ ಅಲ್ಲಿಂದಲೇ.

ಕಾಗದದ ಕಾಲದಲ್ಲಿ ಅಂಗಡಿಯ ಲೆಕ್ಕ ಎರಡು ಕಡೆ ಬೀಳುತ್ತಿತ್ತು. ದಿನದ ವ್ಯವಹಾರವನ್ನು ಆದ ಹಾಗೆಯೇ ಕಿರ್ದಿಯಲ್ಲಿ ಬರೆದು, ಆಮೇಲೆ ಆಯಾ ಗಿರಾಕಿಯ ಹೆಸರಿನಡಿ ಖಾತೆಗೆ ಏರಿಸುತ್ತಿದ್ದರು. ಖಾತೆ ಪುಸ್ತಕವನ್ನು ಗೆದ್ದಲು ತಿಂದರೂ ಕಿರ್ದಿಯನ್ನು ಮುಂದಿಟ್ಟುಕೊಂಡು ಅದನ್ನು ಮತ್ತೆ ಕಟ್ಟಬಹುದಿತ್ತು. ಲೆಕ್ಕ ತಾಳೆ ನೋಡುವ ಅನುಕೂಲಕ್ಕೆಂದು ಹುಟ್ಟಿದ ಈ ಪದ್ಧತಿಯೊಳಗೆ ಮರುಕಟ್ಟುವ ದಾರಿಯೂ ಸೇರಿಕೊಂಡಿತ್ತು. ಮುಂದೆ ಕಂಪ್ಯೂಟರ್ ಬಂದಾಗ ಸಣ್ಣ ವ್ಯಾಪಾರ ಕಳೆದುಕೊಂಡದ್ದು ಇದನ್ನೇ.

1986ರಲ್ಲಿ ಎರಡು ಅಂಗಡಿಗಳಿಂದ ಎರಡು ಬೇರೆ ಬೇರೆ ಕಥೆಗಳು ಆರಂಭವಾದವು. ಗಿರಣಿಗಳಿಗೆ ಕಚ್ಚಾಮಾಲು ಮತ್ತು ಯಂತ್ರಗಳ ಬಿಡಿಭಾಗ ಪೂರೈಸುತ್ತಿದ್ದ ಶ್ಯಾಮ್ ಸುಂದರ್ ಗೋಯೆಂಕಾ ತಮ್ಮ ವ್ಯಾಪಾರಕ್ಕೆ ಒಗ್ಗುವ ಲೆಕ್ಕದ ತಂತ್ರಾಂಶ ಸಿಗದೆ, ಅದನ್ನು ಬರೆಯಲು ಮಗ ಭರತ್ ಅವರಿಗೆ ಹೇಳಿದರು. ಬೆಂಗಳೂರಿನಲ್ಲಿ ನೆಲೆ ಹೊಂದಿರುವ ಟ್ಯಾಲಿ ಹುಟ್ಟಿದ್ದು ಹೀಗೆ. ಅದೇ ವರ್ಷ ಲಾಹೋರಿನಲ್ಲಿ ಕಂಪ್ಯೂಟರ್ ಅಂಗಡಿ ನಡೆಸುತ್ತಿದ್ದ ಇಬ್ಬರು ಸಹೋದರರು ಬರೆದ ‘ಬ್ರೇನ್’ ಫ್ಲಾಪಿಯಿಂದ ಫ್ಲಾಪಿಗೆ ಹರಡತೊಡಗಿತು. ಐಬಿಎಂ ಪಿಸಿಗೆ ತಗುಲಿದ ಮೊದಲ ವೈರಸ್ ಅದು. ತಮ್ಮ ತಂತ್ರಾಂಶವನ್ನು ನಕಲು ಮಾಡುವವರನ್ನು ತಡೆಯಲು ಅದನ್ನು ಬರೆದದ್ದಾಗಿ ಸಹೋದರರು ಹೇಳಿದರು. ಅದರೊಳಗೆ ತಮ್ಮ ಅಂಗಡಿಯ ವಿಳಾಸ ಮತ್ತು ಫೋನ್ ನಂಬರನ್ನೂ ಇಟ್ಟಿದ್ದರು.

1988ರ ನವೆಂಬರ್ 2ರಂದು ಅಮೆರಿಕದಲ್ಲಿ ‘ಮಾರಿಸ್ ವರ್ಮ್’ ಫ್ಲಾಪಿಯ ಹಂಗಿಲ್ಲದೆ ಜಾಲದ ಮೂಲಕವೇ ಹಬ್ಬಿತು. ಅಂದಿನ ಇಂಟರ್‌ನೆಟ್ಟಿನಲ್ಲಿದ್ದ ಸುಮಾರು 60,000 ಯಂತ್ರಗಳಲ್ಲಿ 6,000ಕ್ಕೆ ಅದು ತಗುಲಿತೆಂಬುದು ಆಗಿನ ಅಂದಾಜು. ಅದೇ ತಿಂಗಳು ಪಿಟ್ಸ್‌ಬರ್ಗಿನ ಕಾರ್ನೆಗೀ ಮೆಲನ್ ವಿಶ್ವವಿದ್ಯಾಲಯದಲ್ಲಿ ತುರ್ತು ಸ್ಪಂದನಾ ಕೇಂದ್ರವೊಂದು ತೆರೆಯಿತು. ‘ಸರ್ಟ್’ ಎಂದು ಕರೆಯುವ ಇಂಥ ತಂಡಗಳಿಗೆಲ್ಲ ಅದೇ ಮಾದರಿ.

ಮರುವರ್ಷ ಡಿಸೆಂಬರಿನಲ್ಲಿ ಸುಲಿಗೆಯ ಹೊಸ ಬಗೆ ಹುಟ್ಟಿತು. ಏಡ್ಸ್ ರೋಗದ ಮಾಹಿತಿ ಇದೆಯೆಂದು ಹೇಳುವ ಸುಮಾರು 20,000 ಫ್ಲಾಪಿಗಳನ್ನು ಕಂಪ್ಯೂಟರ್ ಪತ್ರಿಕೆಯೊಂದರ ಚಂದಾದಾರರು ಮತ್ತಿತರರಿಗೆ ಲಂಡನ್ನಿನಿಂದ ಅಂಚೆಯಲ್ಲಿ ಕಳುಹಿಸಲಾಗಿತ್ತು. ಅದನ್ನು ಹಾಕಿಕೊಂಡ ಕಂಪ್ಯೂಟರನ್ನು 90 ಸಲ ಚಾಲೂ ಮಾಡುವವರೆಗೆ ಏನೂ ಆಗುತ್ತಿರಲಿಲ್ಲ. ಆಮೇಲೆ ಫೈಲುಗಳ ಹೆಸರುಗಳು ಅರ್ಥವಾಗದ ಅಕ್ಷರಗಳಾಗಿ ಬದಲಾಗಿ, ಪನಾಮಾದ ಅಂಚೆಪೆಟ್ಟಿಗೆಗೆ 189 ಡಾಲರ್ ಕಳುಹಿಸಬೇಕೆಂಬ ಸೂಚನೆ ಕಾಣಿಸುತ್ತಿತ್ತು. ಬ್ರಿಟನ್ನಿನ ಜಿಮ್ ಬೇಟ್ಸ್ ಅದನ್ನು ಬಿಡಿಸಿ ನೋಡಿದಾಗ ಕೆಟ್ಟಿದ್ದದ್ದು ಹೆಸರುಗಳು, ಒಳಗಿನ ಬರಹ ಹಾಗೆಯೇ ಇತ್ತು ಎಂದು ತಿಳಿಯಿತು. ಅವರು ಬರೆದ ಪರಿಹಾರದ ತಂತ್ರಾಂಶದಿಂದ ಹೆಸರುಗಳು ಮರಳಿ ಬಂದವು. ಆದರೆ ಅಷ್ಟರಲ್ಲಿ ಗಾಬರಿಯಿಂದ ತಮ್ಮ ಡಿಸ್ಕನ್ನು ತಾವೇ ಅಳಿಸಿಕೊಂಡವರ ಕೆಲಸ ಮರಳಲಿಲ್ಲ. ದಾಳಿಯಾದ ಮೊದಲ ಗಂಟೆಯಲ್ಲಿ ಏನನ್ನೂ ಅಳಿಸಬಾರದು ಎಂಬ ಇಂದಿನ ನಿಯಮದ ಹಿಂದೆ ಇಂಥ ಅನುಭವಗಳಿವೆ.

ಏಡ್ಸ್ ಫ್ಲಾಪಿ ಹಾಕಿದ ಬೀಗದ ಕೈ ಬೀಗದೊಳಗೇ ಇದ್ದುದರಿಂದ ಅದನ್ನು ಬಿಡಿಸಲು ಸಾಧ್ಯವಾಯಿತು. 1996ರಲ್ಲಿ ಆಡಮ್ ಯಂಗ್ ಮತ್ತು ಮೋತಿ ಯುಂಗ್ ಎಂಬ ಸಂಶೋಧಕರು ಮುಂದಿನ ಅಪಾಯವನ್ನು ತಮ್ಮ ಪ್ರಬಂಧದಲ್ಲಿ ವಿವರಿಸಿದರು: ಬೀಗ ಹಾಕುವ ಕೀಲಿ ಒಂದು, ತೆಗೆಯುವ ಕೀಲಿ ಇನ್ನೊಂದು ಆಗಿದ್ದು, ಎರಡನೆಯದು ಕಳ್ಳನ ಬಳಿಯೇ ಉಳಿದರೆ ಯಾವ ತಜ್ಞನೂ ಅದನ್ನು ಬಿಡಿಸಲಾರ. ಆ ಮಾತು ವ್ಯಾಪಕವಾಗಿ ನಿಜವಾದದ್ದು 2013ರ ಸೆಪ್ಟೆಂಬರಿನಲ್ಲಿ ಕಾಣಿಸಿಕೊಂಡ ‘ಕ್ರಿಪ್ಟೋಲಾಕರ್’ನಿಂದ. ಇಮೇಲಿನ ಜೊತೆ ಬಂದ ಫೈಲನ್ನು ತೆರೆದರೆ ಸಾಕು, ಲೆಕ್ಕ, ಬಿಲ್ಲು, ಫೋಟೊಗಳೆಲ್ಲ ಬೀಗದೊಳಗೆ ಬೀಳುತ್ತಿದ್ದವು. ಹಣ ಕೊಡಲು 72 ಗಂಟೆಗಳ ಗಡುವು ಇರುತ್ತಿತ್ತು. ಗುರುತು ಬಿಟ್ಟುಕೊಡದೆ ಹಣ ಪಡೆಯುವ ದಾರಿಯನ್ನು ಅಷ್ಟರಲ್ಲಿ ಬಿಟ್‌ಕಾಯಿನ್ ಒದಗಿಸಿತ್ತು. 2014ರಲ್ಲಿ ಹಲವು ದೇಶಗಳ ಪೊಲೀಸರು ಕೂಡಿ ಅದರ ಜಾಲವನ್ನು ಮುರಿದರು. ಸಿಕ್ಕ ಕೀಲಿಗಳನ್ನು ಆಗಸ್ಟಿನಲ್ಲಿ ಸಂತ್ರಸ್ತರಿಗೆ ಉಚಿತವಾಗಿ ಹಂಚಲಾಯಿತು. 2016ರ ಜುಲೈನಲ್ಲಿ ಡಚ್ ಪೊಲೀಸರು, ಯೂರೋಪೋಲ್ ಮತ್ತು ಎರಡು ಖಾಸಗಿ ಸಂಸ್ಥೆಗಳು ಸೇರಿ ಆರಂಭಿಸಿದ ‘ನೋ ಮೋರ್ ರ‍್ಯಾನ್ಸಮ್’ ಯೋಜನೆ ಈ ಕೆಲಸವನ್ನು ಮುಂದುವರಿಸಿತು. ಬೀಗ ಬಿದ್ದ ಫೈಲುಗಳನ್ನು ಎಸೆಯದೆ ತೆಗೆದಿಟ್ಟುಕೊಂಡವರಿಗೆ ಇಂದಲ್ಲ ನಾಳೆ ಕೀಲಿ ಸಿಗುವ ಸಾಧ್ಯತೆ ಹೀಗೆ ತೆರೆಯಿತು.

ತನ್ನ ಪುಟ್ಟ ಅಂಗಡಿಯಲ್ಲಿ ಕದಿಯಲು ಏನಿದೆ ಎಂಬ ನಂಬಿಕೆಯೂ 2013ರಲ್ಲೇ ಮುರಿದುಬಿತ್ತು. ಆ ವರ್ಷಾಂತ್ಯದಲ್ಲಿ ಅಮೆರಿಕದ ಟಾರ್ಗೆಟ್ ಮಳಿಗೆಗಳಿಂದ ಸುಮಾರು 4 ಕೋಟಿ ಬ್ಯಾಂಕ್ ಕಾರ್ಡುಗಳ ವಿವರ ಕಳುವಾಯಿತು. ಮಳಿಗೆಗಳ ಶೀತಲ ಯಂತ್ರಗಳ ಕೆಲಸ ಮಾಡುತ್ತಿದ್ದ ಸಣ್ಣ ಗುತ್ತಿಗೆದಾರನೊಬ್ಬನ ಪಾಸ್‌ವರ್ಡ್ ಕದ್ದು ಕಳ್ಳರು ಒಳನುಗ್ಗಿದ್ದರು. ದೊಡ್ಡಮನೆಗೆ ಕನ್ನ ಹಾಕುವವನಿಗೆ ಪಕ್ಕದ ಗುಡಿಸಲಿನ ಗೋಡೆಯೇ ಸಲೀಸು.

2017 ಈ ಚರಿತ್ರೆಯ ಅತಿ ಕಠಿಣ ವರ್ಷ. ವಿಂಡೋಸಿನ ಒಂದು ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ತೇಪೆ ಹಾಕಿತ್ತು. ಮೇ 12ರಂದು ‘ವನ್ನಾಕ್ರೈ’ ಎಂಬ ಸುಲಿಗೆಯ ತಂತ್ರಾಂಶ ಅದೇ ದೋಷದ ಮೂಲಕ ನುಗ್ಗಿ ಸುಮಾರು 150 ದೇಶಗಳ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳನ್ನು ಹಿಡಿಯಿತು. ಎರಡು ತಿಂಗಳ ಹಿಂದೆ ಬಂದಿದ್ದ ಅಪ್‌ಡೇಟ್ ಹಾಕಿಕೊಂಡಿದ್ದವರು ಪಾರಾದರು. ಜೂನ್ 27ರಂದು ‘ನಾಟ್‌ಪೆಟ್ಯಾ’ ಬಂತು. ಅದು ಹರಡಿದ್ದು ಉಕ್ರೇನಿನ ವ್ಯಾಪಾರಿಗಳು ತೆರಿಗೆ ಲೆಕ್ಕಕ್ಕೆ ಬಳಸುತ್ತಿದ್ದ ‘ಎಂ.ಇ.ಡಾಕ್’ ತಂತ್ರಾಂಶದ ಅಪ್‌ಡೇಟಿನ ಮೂಲಕ. ಸುಲಿಗೆಯ ವೇಷ ತೊಟ್ಟಿದ್ದರೂ ಅದರ ಕೆಲಸ ನಾಶ. ಹಣ ಕೊಟ್ಟರೂ ಫೈಲು ಮರಳುವಂತಿರಲಿಲ್ಲ. ಡೆನ್ಮಾರ್ಕಿನ ಹಡಗು ಸಂಸ್ಥೆ ಮೇರ್ಸ್ಕ್ ಸುಮಾರು 10 ದಿನಗಳಲ್ಲಿ 4,000 ಸರ್ವರ್ ಮತ್ತು 45,000 ಕಂಪ್ಯೂಟರುಗಳನ್ನು ಹೊಸದಾಗಿ ಕಟ್ಟಬೇಕಾಯಿತು. ಜಾಲದ ಕೇಂದ್ರ ದಾಖಲೆಯ ಪ್ರತಿಗಳೆಲ್ಲ ಒಂದಕ್ಕೊಂದು ಜೋಡಿಸಿಕೊಂಡಿದ್ದರಿಂದ ಒಟ್ಟಿಗೇ ಅಳಿಸಿಹೋಗಿದ್ದವು. ಉಳಿದದ್ದು ಘಾನಾದ ಕಚೇರಿಯ ಒಂದೇ ಪ್ರತಿ: ದಾಳಿಯ ಹೊತ್ತಿಗೆ ಅಲ್ಲಿ ಕರೆಂಟು ಹೋಗಿತ್ತು.

ನಾಟ್‌ಪೆಟ್ಯಾ ದಾಳಿಯಾದ ನಾಲ್ಕೇ ದಿನಕ್ಕೆ, ಜುಲೈ 1ರಂದು, ಭಾರತದಲ್ಲಿ ಜಿಎಸ್‌ಟಿ ಜಾರಿಗೆ ಬಂತು. ಅದುವರೆಗೆ ಪುಸ್ತಕದಲ್ಲಿ ಲೆಕ್ಕ ಬರೆಯುತ್ತಿದ್ದ ಎಷ್ಟೋ ವರ್ತಕರು ಕಂಪ್ಯೂಟರಿಗೆ ಬಂದರು. ಕಿರ್ದಿ, ಖಾತೆ, ದಾಸ್ತಾನು, ಬಾಕಿ ಎಲ್ಲವೂ ಒಂದೇ ಯಂತ್ರದ ಒಂದೇ ಫೋಲ್ಡರಿನೊಳಗೆ ಸೇರಿದವು. ಒಂದು ಪುಸ್ತಕ ಹಾಳಾದರೆ ಇನ್ನೊಂದರಿಂದ ಕಟ್ಟುವ ಹಳೆಯ ಆಸರೆ ಸದ್ದಿಲ್ಲದೆ ತಪ್ಪಿತು.

2021ರ ಜುಲೈ 2ರಂದು ನಡೆದ ‘ಕಸೇಯಾ’ ದಾಳಿ ಇನ್ನೊಂದು ಎಳೆಯನ್ನು ತೋರಿಸಿತು. ಕಂಪ್ಯೂಟರ್ ನಿರ್ವಹಣೆಯ ಗುತ್ತಿಗೆ ಸಂಸ್ಥೆಗಳು ಬಳಸುವ ಒಂದು ತಂತ್ರಾಂಶಕ್ಕೆ ಕನ್ನ ಹಾಕಿದ ಕಳ್ಳರು, ಆ ಸಂಸ್ಥೆಗಳ ಗಿರಾಕಿಗಳಾದ ಸುಮಾರು 800ರಿಂದ 1,500 ವ್ಯಾಪಾರಗಳಿಗೆ ಒಮ್ಮೆಗೇ ಬೀಗ ಜಡಿದರು. ಅವುಗಳಲ್ಲಿ ಬಹುಪಾಲು ಸಣ್ಣವು. ಸ್ವೀಡನ್ನಿನಲ್ಲಿ ಬಿಲ್ಲಿಂಗ್ ಯಂತ್ರಗಳು ನಿಂತು ಕೋಪ್ ಸರಪಳಿಯ ನೂರಾರು ದಿನಸಿ ಮಳಿಗೆಗಳು ಬಾಗಿಲು ಹಾಕಿದವು. ಕಂಪ್ಯೂಟರ್ ನೋಡಿಕೊಳ್ಳಲು ಬರುವವನ ಕೈಯಲ್ಲಿರುವ ಕೀಲಿಯೂ ಅಂಗಡಿಯದೇ ಕೀಲಿ ಎಂಬುದು ಆಗ ಸ್ಪಷ್ಟವಾಯಿತು.

ಭಾರತದಲ್ಲಿ ರಕ್ಷಣೆಯ ಏರ್ಪಾಡುಗಳು ಹಂತ ಹಂತವಾಗಿ ಬಂದವು. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ದ ಅಕ್ಟೋಬರ್ 17ರಂದು ಜಾರಿಯಾಯಿತು. 2001ರಲ್ಲಿ ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ ಬೆಂಗಳೂರಿನಲ್ಲಿ ತೆರೆಯಿತು. 2004ರ ಜನವರಿಯಲ್ಲಿ ಭಾರತದ ಸರ್ಟ್ ತಂಡವಾದ ಸರ್ಟ್-ಇನ್ ಕೆಲಸ ಆರಂಭಿಸಿತು. ದಾಳಿ ಗಮನಕ್ಕೆ ಬಂದ 6 ಗಂಟೆಗಳೊಳಗೆ ಸಂಸ್ಥೆಗಳು ತನಗೆ ವರದಿ ಮಾಡಬೇಕೆಂದು 2022ರ ಏಪ್ರಿಲ್‌ನಲ್ಲಿ ಅದು ಆದೇಶಿಸಿತು. ಖಾತೆಯಿಂದ ಹಣ ಹೋದಾಗ ಕರೆ ಮಾಡಬೇಕಾದ ರಾಷ್ಟ್ರೀಯ ಸಹಾಯವಾಣಿ 1930. ಕದ್ದ ಹಣ ಖಾತೆಯಿಂದ ಖಾತೆಗೆ ಜಿಗಿಯುವ ಮುನ್ನ ಅದನ್ನು ತಡೆಯಬೇಕಾದ್ದರಿಂದ ಇಲ್ಲಿ ಪ್ರತಿ ನಿಮಿಷಕ್ಕೂ ಬೆಲೆಯಿದೆ.

ಈ ದಾಳಿಗಳ ನಡುವೆ ರೂಪುಗೊಂಡ ರೂಢಿಗಳಲ್ಲಿ ಮುಖ್ಯವಾದದ್ದು ‘3-2-1’ ಸೂತ್ರ. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ತಮ್ಮಂಥ ಛಾಯಾಗ್ರಾಹಕರಿಗಾಗಿ ಇದನ್ನು ಹೇಳಿದರು: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ. ಅಂಗಡಿಯಲ್ಲಿ ಅದರ ಅರ್ಥ ಸರಳ. ಸಂಜೆ ಲೆಕ್ಕ ಮುಗಿದ ಮೇಲೆ ಹೊರಗಿನ ಡಿಸ್ಕಿಗೆ ಒಂದು ಪ್ರತಿ ಇಳಿಸಿ, ತಂತಿ ಕಳಚಿ ಎತ್ತಿಡುವುದು. ಕ್ಲೌಡ್‌ನಲ್ಲೋ ಮನೆಯಲ್ಲೋ ಇನ್ನೊಂದು ಇಡುವುದು. ಸದಾ ಸಿಕ್ಕಿಸಿಟ್ಟ ಡಿಸ್ಕಿಗೂ ಕಂಪ್ಯೂಟರಿನ ಜೊತೆಗೇ ಬೀಗ ಬೀಳುತ್ತದೆ. ತಿಂಗಳಿಗೊಮ್ಮೆ ಪ್ರತಿಯನ್ನು ಬೇರೆ ಯಂತ್ರದಲ್ಲಿ ತೆರೆದು ನೋಡದಿದ್ದರೆ ಅದು ಇದ್ದೂ ಇಲ್ಲದಂತೆ. ಜೊತೆಗೆ ಅಪ್‌ಡೇಟ್ ತಪ್ಪಿಸದಿರುವುದು, ಒಬ್ಬೊಬ್ಬ ಕೆಲಸಗಾರನಿಗೆ ಬೇರೆ ಬೇರೆ ಪಾಸ್‌ವರ್ಡ್, ಮೇಲ್ ಮತ್ತು ಬ್ಯಾಂಕ್ ಖಾತೆಗಳಿಗೆ ಎರಡು ಹಂತದ ದೃಢೀಕರಣ, ದೂರದಿಂದ ಕಂಪ್ಯೂಟರ್ ನಡೆಸುವ ತಂತ್ರಾಂಶವನ್ನು ಕೆಲಸ ಮುಗಿದೊಡನೆ ಮುಚ್ಚುವುದು.

ದಾಳಿಯಾದ ಮೇಲಿನ ಕ್ರಮವೂ ಇಂಥ ಅನುಭವಗಳಿಂದಲೇ ನೆಲೆಗೊಂಡಿದೆ. ಮೊದಲು ಜಾಲದ ತಂತಿ ಮತ್ತು ವೈಫೈ ಕಡಿದು ಉಳಿದ ಯಂತ್ರಗಳನ್ನು ಉಳಿಸಬೇಕು. ಪರದೆಯ ಮೇಲಿನ ಸೂಚನೆಯ ಫೋಟೊ ತೆಗೆದು, ಏನನ್ನೂ ಅಳಿಸದೆ, ಪೊಲೀಸರು, ಬ್ಯಾಂಕು ಮತ್ತು ಸರ್ಟ್-ಇನ್‌ಗೆ ತಿಳಿಸಬೇಕು. ಸೋಂಕಿಲ್ಲದ ಇನ್ನೊಂದು ಯಂತ್ರದಿಂದ ಎಲ್ಲ ಪಾಸ್‌ವರ್ಡ್ ಬದಲಿಸಬೇಕು. ಕಳ್ಳ ಹೊಕ್ಕ ದಾರಿ ಯಾವುದೆಂದು ತಿಳಿದು ಅದನ್ನು ಮುಚ್ಚುವವರೆಗೆ ಹಳೆಯ ಪ್ರತಿಯನ್ನು ಇಳಿಸಬಾರದು. ಕೊನೆಗೆ, ಹೊಸದಾಗಿ ಸಿದ್ಧಮಾಡಿದ ಯಂತ್ರಕ್ಕೆ ಪ್ರತಿಯನ್ನು ಇಳಿಸಿ, ಅದರಲ್ಲಿಲ್ಲದ ದಿನಗಳ ವ್ಯವಹಾರವನ್ನು ಬಿಲ್ಲಿನ ನಕಲು, ಬ್ಯಾಂಕಿನ ವಿವರ ಮತ್ತು ಸಲ್ಲಿಸಿದ ಜಿಎಸ್‌ಟಿ ಲೆಕ್ಕಗಳಿಂದ ಒಂದೊಂದಾಗಿ ಏರಿಸಬೇಕು. ಕಿರ್ದಿಯಿಂದ ಖಾತೆಯನ್ನು ಮತ್ತೆ ಬರೆಯುತ್ತಿದ್ದ ಗುಮಾಸ್ತನ ಕೆಲಸವೂ ಇದೇ ಆಗಿತ್ತು.